ಮುಖ ಕೊಟ್ಟು

ಮುಖ ಕೊಟ್ಟು ಮಾತಾಡು, ಅನ್ನುತ್ತಿದ್ದರು ಎಲ್ಲರೂ.
ಕೊಟ್ಟುಬಿಟ್ಟರೆ ನನಗೇನು ಉಳಿಯುತ್ತದೆ
ಅಂತ ಕೇಳಿದ್ದಕ್ಕೆ ಮೂರನೇ ಕ್ಲಾಸಿನಲ್ಲಿ
ಬೆಂಚಿನ ಮೇಲೆ ನಿಲ್ಲಿಸಿದರು.
ಕಿವಿ ಕೊಡಬೇಕು, ಮನಸ್ಸು ಕೊಡಬೇಕು,
ಕೈ ಮಾತ್ರ ಕೊಡಬಾರದಂತೆ, ಅದು ಮೋಸ.
ಯಾರು ಬರೆದರೋ ಈ ಚಾರ್ಟು.

ಭದ್ರಾವತಿಯಲ್ಲಿ ಆಗ ಒಬ್ಬ ಮಾಮ ಇದ್ದ,
ಅಪ್ಪ ವಾರಕ್ಕೆರಡು ಸಲ ಕರೆದೊಯ್ಯುತ್ತಿದ್ದ.
ಕಣ್ಣಿಗೆ ಕಣ್ಣು ಕೂಡಿಸಿ ಐದು ಎಣಿಸಿದರೆ
ಒಂದು ಪೆಪ್ಪರ್‌ಮಿಂಟು.
ಕೈ ಬೀಸಿದರೆ, ಗೆದ್ದದ್ದೂ ವಾಪಸ್ಸು.
ಅವನ ಹುಬ್ಬುಗಳ ನಡುವಿನ ಕರಿಮಚ್ಚೆ ನೋಡಿ
ಹದಿನಾಲ್ಕು ಗೆದ್ದೆ.
ಹುಡುಗಿ ಸುಧಾರಿಸಿದ್ದಾಳೆ ಅಂದರು.
ಕಾರ್ಖಾನೆಯ ಸೈರನ್ನು ಮಾತ್ರ ನನ್ನ ಕಡೆಗಿತ್ತು:
ಹೇಳಿದ ಹೊತ್ತಿಗೆ ಕೂಗಿ
ಏನೂ ಕೇಳದೆ ಸುಮ್ಮನಾಗುತ್ತಿತ್ತು.

ಈಗ ನನಗೆ ಮೂವತ್ತೊಂದು.
ಶಿವಮೊಗ್ಗದ ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟು ಬರೆಯುತ್ತೇನೆ.
ಯಾವ ಡ್ರೈವರು ಯಾವ ಊರಲ್ಲಿ ರಾತ್ರಿ ತಂಗುತ್ತಾನೆ, ಬಾಯಿಪಾಠ.
ಮದುವೆಯಾಗಿ ಆರು ವರ್ಷ. ಹಾಲೇಶ ದರ್ಜಿ,
ಗಾಂಧಿ ಬಜಾರಿನ ಸಂದಿಯೊಂದರಲ್ಲಿ ಅಂಗಡಿ.
ಅವನಿಗೆ ಮಾತು ಬೇಕು, ನಗು ಬೇಕು,
ಅಂಗಡಿ ಮುಚ್ಚಿ ಬಂದಾಗ ಬಾಗಿಲಲ್ಲೊಂದು ಮುಖ ಬೇಕು.
ನಾನು ಹೇಳುತ್ತಿದ್ದೆ:
ತೀರ್ಥಹಳ್ಳಿ ಗಾಡಿ ಇವತ್ತು ಏಳು ನಿಮಿಷ ಲೇಟು.
ಅವನು ತಟ್ಟೆ ಎಳೆದುಕೊಳ್ಳುತ್ತಿದ್ದ.
ಇಡೀ ದಿನದಲ್ಲಿ ಚೆನ್ನಾಗಿದ್ದದ್ದನ್ನು
ಅವನಿಗೇ ಅಂತ ಎತ್ತಿಟ್ಟು ತಂದಿದ್ದೆ.
ಅದು ಅವನಿಗೆ ತಿಳಿಯಲಿಲ್ಲ.
ತಿಳಿದಿಲ್ಲ ಅನ್ನುವುದು ನನಗೆ ತಿಳಿಯಲಿಲ್ಲ.

ಕುಕ್ಕರಿನ ಸೀಟಿಗೆ ಬಚ್ಚಲಲ್ಲಿ ಹೋಗಿ ಕೂತ ಸೊಸೆಗೆ
ಅತ್ತೆ ಹರಕೆ ಹೊತ್ತರು.

ದುರ್ಗಿಗುಡಿಯಲ್ಲಿ, ಮೆಡಿಕಲ್ ಶಾಪಿನ ಮೇಲೆ,
ನಸೀಮಾ ಮೇಡಂ ರೂಮಿಗೆ ಹಾಲೇಶನೇ ಕರೆತಂದ,
ಕಂಕುಳಲ್ಲಿ ಕೆಟ್ಟ ಮಿಕ್ಸಿ ಇಟ್ಟುಕೊಂಡು ಬಂದವನ ಹಾಗೆ.
ನಾನು ಅವರ ಹುಬ್ಬಿನ ನಡುವೆ ಮಚ್ಚೆ ಹುಡುಕಿದೆ. ಇರಲಿಲ್ಲ.
ಅವರು ಎದ್ದು ಟ್ಯೂಬ್‌ಲೈಟು ಆರಿಸಿದರು.
ಅದರ ಗುಂಯ್ ನನಗೊಬ್ಬಳಿಗೇ ಅಂದುಕೊಂಡಿದ್ದೆ.
ಮೂರೂ ಕುರ್ಚಿಗಳನ್ನು ಕಿಟಕಿಗೆ ತಿರುಗಿಸಿದರು.
ಕೆಳಗೆ ಒಬ್ಬ ಹುಡುಗ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.
ಇವಳು ಸರಿಹೋಗೋಕೆ ಎಷ್ಟು ತಿಂಗಳು? ಅಂದ ಹಾಲೇಶ.
ಅಂಗಿ ಬಿಗಿಯಾದರೆ ನೀವು ಯಾರನ್ನು ಕತ್ತರಿಸುತ್ತೀರಿ? ಅಂದರು.
ಯಾರನ್ನೂ ಇಲ್ಲ, ಹೊಲಿಗೆ ಬಿಚ್ಚಬೇಕು,
ಅಂತ ನಾನು ಉತ್ತರ ಹೇಳಿದೆ.
ಪ್ರಶ್ನೆ ಅವನದಂತೆ.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ
ಹಾಲೇಶ ನನ್ನನ್ನು ಕೇಳಿ ಕೇಳಿ ಬರೆದ:
ಕುಕ್ಕರ್. ಹೇಳದೆ ಬರುವ ನೆಂಟರು. ಒಗ್ಗರಣೆ ಸದ್ದು.
ಆಮೇಲೆ, ಕೇಳದೆಯೇ: ನನ್ನ ಉಸ್ಸಪ್ಪ.
ಬರೆದಾದ ಮೇಲೂ ಪೆನ್ನು ಕೆಳಗಿಡಲಿಲ್ಲ.
ಕುತ್ತಿಗೆ ಹತ್ತಿರದ ಲೇಬಲ್ಲು, ಅಂದೆ.
ಯಾವ ಬಟ್ಟೆಯದು?
ಎಲ್ಲದರದು.
ಊರಿಗೆಲ್ಲ ಅಳತೆ ತೆಗೆದವನು
ಮನೆಯಲ್ಲೊಂದು ಕುತ್ತಿಗೆ ಕೆಂಪಾಗಿರುವುದನ್ನು ಕಂಡಿರಲಿಲ್ಲ.
ಆ ರಾತ್ರಿ ನನ್ನ ಚೂಡಿದಾರಗಳನ್ನೆಲ್ಲ ಹರಡಿಕೊಂಡು ಕೂತ.
ಬೆಳಿಗ್ಗೆ ಕಿಟಕಿ ಹಲಗೆಯ ಮೇಲೆ
ಹನ್ನೊಂದು ಲೇಬಲ್ಲು, ಸಾಲಾಗಿ.
ನನಗೆ ಸಾಲು ಇಷ್ಟ.

ಎಲ್ಲ ನೆಟ್ಟಗಾಯಿತು ಅಂತಲ್ಲ.
ನಾದಿನಿಯ ಸೀಮಂತದ ನಡುವೆ ಎದ್ದು ಬಂದೆನೆಂದು
ಅತ್ತೆ ಇನ್ನೂ ಮಾತಾಡುತ್ತಿಲ್ಲ.
ನನಗೂ ಒಮ್ಮೊಮ್ಮೆ ಮುಖ ಬೇಕು ಕಣೇ,
ಅಂತ ಕಿಟಕಿಯ ಎದುರು ಹಾಲೇಶ ಅತ್ತುಬಿಟ್ಟ.
ಏನು ಮಾಡಬೇಕೋ ಗೊತ್ತಾಗದೆ
ಅವನ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ.
ಕೈಯನ್ನೂ ಬೀಸಿದೆ.
ಯಾರೂ ಏನನ್ನೂ ವಾಪಸ್ಸು ತೆಗೆದುಕೊಳ್ಳಲಿಲ್ಲ.

ನಿನ್ನೆ ಸಂಜೆ ತುಂಗೆಯ ಮೆಟ್ಟಿಲ ಮೇಲೆ ಕೂತಿದ್ದೆವು,
ಇಬ್ಬರೂ ಮುಖವನ್ನು ಹೊಳೆಗೆ ಕೊಟ್ಟು.
ಸಾಗರದ ಗಾಡಿ? ಅಂದ.
ಸರಿಯಾದ ಟೈಮಿಗೆ.
ತೀರ್ಥಹಳ್ಳೀದು?
ಮೂರು ನಿಮಿಷ ಲೇಟು.
ಯಾಕಂತೆ?

ಯಾಕಂತೆ, ಅಂದ. ಆರು ವರ್ಷದಲ್ಲಿ ಮೊದಲನೇ ಸಲ.
ಮಂಡಗದ್ದೆ ಹತ್ತಿರ ದನ ಅಡ್ಡ ಮಲಗಿದ್ದವು,
ಅಂತ ಶುರು ಮಾಡಿದೆ.