ಸರ್ವರ್ ಇಲ್ಲ

ಅಂಗಡಿ ಸಂಘದ ಹೆಸರಲ್ಲಿ, ತಕ್ಕಡಿ ನನ್ನ ಕೈಯಲ್ಲಿ.
ಹೊಸನಗರದಿಂದ ಒಳಗೆ ಹನ್ನೊಂದು ಕಿಲೋಮೀಟರು,
ಆಮೇಲೆ ಕೆಮ್ಮಣ್ಣು.
ಹಿಂದೆ ಇಲ್ಲಿ ಹೆಬ್ಬೆಟ್ಟು ಅಂದರೆ ಬೈಗುಳ,
ಓದು ಬಾರದ ನನ್ನತ್ತೆಯನ್ನು ಹಾಗೇ ಕರೆಯುತ್ತಿದ್ದರು.
ಈಗ ಡಿಗ್ರಿಯಾದವರೂ ಸಾಲಾಗಿ ನಿಂತು
ಹೆಬ್ಬೆಟ್ಟು ಒತ್ತುತ್ತಾರೆ.
ಅತ್ತೆ ಇದ್ದಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಯಂತ್ರ ಬಂದ ಮೊದಲ ನಾಲ್ಕು ವರ್ಷ
ಅಂಗಡಿಯೊಳಗೆ ಅದಕ್ಕೆ ಉಸಿರೇ ಇಲ್ಲ.
ಮಗುವಿನ ಹಾಗೆ ಸೊಂಟದ ಮೇಲೆ ಎತ್ತಿಕೊಂಡು
ಗೇರುಗುಡ್ಡ ಹತ್ತುತ್ತಿದ್ದೆ,
ಹಿಂದೆ ಇಡೀ ಊರು, ಕಾರ್ಡು ಪ್ಲಾಸ್ಟಿಕ್ಕಲ್ಲಿ ಸುತ್ತಿಕೊಂಡು.
ಬಂಡೆಯ ಮೇಲೆ ಒಂದು ಕಡ್ಡಿ ಸಿಗ್ನಲ್ಲು.
ಒಂದು ಹೆಬ್ಬೆಟ್ಟಿಗೆ ಕಾಲು ತಾಸು,
ಕ್ವಾರಿಯಲ್ಲಿ ಜಂಬಿಟ್ಟಿಗೆ ಹೊತ್ತು ಹೊತ್ತು ಗೆರೆ ಸವೆದ
ಬಂಗಾರಮ್ಮನ ಬೆರಳಿಗೆ ಇಡೀ ಬೆಳಗು.
ಒರೆಸು, ಉಫ್ ಅನ್ನು, ತಲೆಯ ಎಣ್ಣೆಗೆ ತಿಕ್ಕು, ಮತ್ತೆ ಒತ್ತು.
'ಹೊಂದಿಕೆಯಾಗುತ್ತಿಲ್ಲ' ಅನ್ನುತ್ತದೆ
ಪೆಟ್ಟಿಗೆಯೊಳಗಿನ ಹೆಣ್ಣುದನಿ.
'ಗಂಡನ್ ಜೊತಿಗೇ ಹೊಂದ್ಕೆ ಆಗ್ಲಿಲ್ಲ ಮಾರಾಯ್ತಿ,
ನಿನ್ ಜೊತಿಗೆ ಎಂತ ಆಗೂದು'
ಅಂದಳು ಒಮ್ಮೆ. ಗುಡ್ಡಕ್ಕೆ ಗುಡ್ಡವೇ ನಕ್ಕಿತು.

ನಾವು ಬೈದದ್ದು ಸುಳ್ಳಲ್ಲ.
ಕೂಲಿ ಹೋಯಿತು, ಮಳೆಗಾಲಕ್ಕೆ ಉಂಬಳ ಹತ್ತಿತು,
ಬಸುರಿಯೊಬ್ಬಳು ತಲೆಸುತ್ತಿ ಬಿದ್ದದ್ದೂ ಉಂಟು.
ಆ ಕಾಲವೇ ಚೆಂದ ಎಂದು ಯಾರಾದರೂ ಹೇಳಿದರೆ
ಅವರ ಸೊಂಟಕ್ಕೆ ಯಂತ್ರ ಏರಿಸಿ ಗುಡ್ಡ ಹತ್ತಿಸುತ್ತೇನೆ.

ಆದರೂ.
ಜೈನಾಬಿಯ ಮಗಳ ನಿಕಾಹಿಗೆ ದೊಡ್ಡ ಹಂಡೆ ಯಾರದ್ದು
ಎಂದು ತೀರ್ಮಾನವಾದದ್ದು ಆ ಬಂಡೆಯ ಮೇಲೆ.
ಬೇಲಿಯ ಜಗಳಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದ
ಹುಚ್ಚಪ್ಪನಿಂದ ಈರನಾಯ್ಕನಿಗೆ
ಒಂದು ಬೀಡಿಯ ಬೆಂಕಿ ದಾಟಿದ್ದು ಅಲ್ಲೇ.
ಫಿಲೋಮಿನಾ ಬಾಯಿ ನನ್ನ ಮಗನಿಗೆ
ಏಳರ ಮಗ್ಗಿ ಬಾಯಿಪಾಠ ಮಾಡಿಸಿದಳು.
ಯಾರ ಮನೆಯಲ್ಲಿ ಜ್ವರ, ಯಾರ ಎಮ್ಮೆ ಕಂದು ಹಾಕಿತು,
ಯಾರು ರಾತ್ರಿ ಅಳುತ್ತಾರೆ,
ರಸೀದಿಯಲ್ಲಿ ಬಾರದ್ದೆಲ್ಲ ಅಲ್ಲಿ ಬರುತ್ತಿತ್ತು.

ಹೋದ ಯುಗಾದಿಗೆ ಟವರು ಬಂತು.
ಕಣ್ಣಿನ ಪಾಪೆ ನೋಡುವ ಯಂತ್ರವೂ ಬಂತು,
ಇನ್ನು ಸವೆದ ಬೆರಳಿನ ಹಂಗಿಲ್ಲ.
ಒತ್ತು, ಬೀಪ್, ಅಕ್ಕಿ.
ಕೆಲವರು ಬೈಕು ಆಫ್ ಕೂಡ ಮಾಡುವುದಿಲ್ಲ,
ನಾನು ತಕ್ಕಡಿಯಿಂದ ತಲೆ ಎತ್ತುವಾಗ ಬೆನ್ನು ಕಾಣುತ್ತದೆ.
ನೂರಾ ಮೂವತ್ತೆರಡು ಕಾರ್ಡು ಊಟದೊಳಗೆ ಮುಗಿದು
ನಾನೊಬ್ಬಳೇ, ಖಾಲಿ ಗೋಣಿ, ಫ್ಯಾನಿನ ಸದ್ದು.

ತಿಂಗಳ ಕೊನೆಗೆ ಯಂತ್ರ ತಾನೇ ಲೆಕ್ಕ ತೋರಿಸಿತು:
ಪಡೆಯದವರು, ಒಂದು.
ಹೋದ ತಿಂಗಳೂ ಒಂದು.
ಒಂದು ಅಂದರೆ ಯಾರು ಎಂದು
ನಾನು ಒತ್ತಿ ನೋಡಿರಲಿಲ್ಲ.

ಬಂಗಾರಮ್ಮ ಕಾಲು ಮುರಿದು ಮಲಗಿ ಐವತ್ತು ದಿನ.
ನನ್ನ ಮನೆಯ ಡಬ್ಬಿಯಿಂದಲೇ ಅಳೆದು ಒಯ್ದ ಅಕ್ಕಿಯನ್ನು
ಅವಳು ನೋಡಲಿಲ್ಲ.
'ಲೈನು ಎಷ್ಟುದ್ದ ಇತ್ತೇ?'
'ಈಗ ಲೈನೇ ಇಲ್ಲ.'
'ಹಂಗಾರೆ ಮಾತು?'
ನನ್ನ ಬಾಯಿಗೆ ಯಾವ ಉತ್ತರವೂ
ಹೊಂದಿಕೆಯಾಗಲಿಲ್ಲ.

ಈ ತಿಂಗಳ ಏಳನೇ ತಾರೀಕು
ಬಾಗಿಲು ತೆಗೆದು, ಬೆಂಚು ಅಂಗಳಕ್ಕೆ ಎಳೆದು,
'ಸರ್ವರ್ ಇಲ್ಲ' ಅಂದೆ.
ಮಿನುಗುವ ಹಸಿರು ದೀಪದ ಮೇಲೆ ಟವೆಲ್ಲು ಹಾಕಿದ್ದೆ,
ಹಳೇ ಟವೆಲ್ಲು, ತೆಳುವಾಗಿತ್ತು.
ಹುಚ್ಚಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ.
ಬೈಕಿನ ಕೀಲಿ ತಿರುಗಿಸಿ ಜೇಬಿಗಿಟ್ಟ.
'ಬರ್ಲಿ ಬಿಡು, ಅದ್ರ ಪಾಡಿಗೆ' ಎಂದು ಬೆಂಚಿನ ತುದಿಗೆ ಕೂತು
ಪಕ್ಕದವನಲ್ಲಿ
ಬೆಂಕಿಪೊಟ್ಟಣ ಕೇಳಿದ.