ಆಷಾಢದ ಕ್ಯಾಮೆರಾ

ಮದುವೆ ಇಲ್ಲದ ತಿಂಗಳು. ಸ್ಟುಡಿಯೋದ ಕ್ಯಾಮೆರಾ ಖಾಲಿ.
ಹಾಲೇಶಿ ಅದನ್ನು ಮಂಡಕ್ಕಿ ಚೀಲದಲ್ಲಿ ಸುತ್ತಿ
ಎದೆಗವಚಿಕೊಂಡು ಬಂದ, ಜ್ವರದ ಕೂಸು ತಂದ ಹಾಗೆ.
"ನಿಮ್ಮನಿ ಮ್ಯಾಲೆ ಒಂದು ಸಿನಿಮಾ ಮಾಡ್ತೀನಿ ಅತ್ತಿ."
"ನಮ್ಮನಿ ಮ್ಯಾಲೆ ತಗಡು ಬಿಟ್ರೆ ಏನೈತಲೇ?"

ಕತೆ ಏನು ಅಂತ ಅಪ್ಪ ಕೇಳಿದ.
"ಕತಿ ಇಲ್ಲ ಮಾವ. ನೀನು ಭಟ್ಟಿಗೆ ಹೋಗ್ತಿ, ಬರ್ತಿ."
"ಅಷ್ಟೇ?"
"ಅಷ್ಟೇ."
ಅಪ್ಪ ಬೀಡಿ ಹೊಸಕಿ ಬಹಳ ಹೊತ್ತು ಸುಮ್ಮನಿದ್ದ.
"ಹೋಗೋದು ಯಾರಾದ್ರೂ ತೋರಿಸ್ತಾರ.
ಬರೋದು ಸರಿಯಾಗಿ ತೋರ್ಸು."

ಆ ಕ್ಯಾಮೆರಾಕ್ಕೆ ಮದುವೆ ಮನೆಯ ಚಟ.
ಯಾರು ಎದುರು ನಿಂತರೂ ಒಂದು ಕೋಟು ಬಿಳಿ ಬಳಿಯುತ್ತಿತ್ತು.
ಮೊದಲ ದಿನ ಅದರೊಳಗೆ ಅಪ್ಪ ಯಾವನೋ ಬ್ಯಾಂಕ್ ಮ್ಯಾನೇಜರು,
ಅವ್ವ ಗುರುತು ಹಿಡಿಯಲಿಲ್ಲ.
ಹಾಲೇಶಿ ರಾತ್ರಿಯೆಲ್ಲ ಗುಂಡಿ ಒತ್ತಿ ಒತ್ತಿ
ಆ ಬಿಳಿಯನ್ನು ಹುಡುಕಿ ತೆಗೆದ.
ಮರುದಿನ ಬಂದ ನಮ್ಮಪ್ಪ:
ಮೇಲೆ ಭತ್ತದ ಹೊಟ್ಟಿನ ಮಸಿ,
ಕೆಳಗೆ ಅವನದೇ ಕಪ್ಪು.
ಎರಡೂ ಬೇರೆ ಬೇರೆ ಕಾಣುವಷ್ಟು ಹತ್ತಿರದಿಂದ
ನಾನೂ ಅವನನ್ನು ನೋಡಿರಲಿಲ್ಲ.

ನನ್ನ ಕೆಲಸ ಥರ್ಮಾಕೋಲ್ ಹಿಡಿಯೋದು.
ಯಾರದೋ ಮಂಟಪದ ಹಲಗೆ, ಹಿಂದೆ ಇನ್ನೂ ಅಂಟಿಕೊಂಡಿತ್ತು
'ಶುಭವಿ' ಅನ್ನುವಷ್ಟು.
ನಲ್ಲಿಯ ಸಾಲಿಗೆ ಖೈರುನ್ನಿಸಾ ಚಿಕ್ಕಮ್ಮ ರಂಜಾನಿನ ಸೀರೆ ಉಟ್ಟು ಬಂದಳು.
ದಿನದ್ದೇ ಉಟ್ಟುಕೊಂಡು ಬಾ ಅಂದದ್ದಕ್ಕೆ ಸಿಟ್ಟು:
"ದಿನಾ ನೋಡೋದನ್ನ ಸಿನಿಮಾದಾಗ ಯಾಕೆ ನೋಡ್ಬೇಕು?"
ಕೊಡ ತುಂಬುವ ತನಕ ಯಾರೂ ಉತ್ತರ ಕೊಡಲಿಲ್ಲ.

ತಮ್ಮನ ಸ್ಕೂಲು ಬೂಟಿಗೆ ಅಪ್ಪ ಅವ್ವನಿಗೆ ಐನೂರು ಕೊಡುವ ಸೀನು.
ನೋಟು ಹಾಲೇಶಿಯದು, ಅವನ ಹತ್ತಿರ ಇದ್ದದ್ದೂ ಅದೊಂದೇ.
ನಾಲ್ಕು ಸಲ ಕೊಟ್ಟ ಅಪ್ಪ. ನಾಲ್ಕು ಸಲ ತಪ್ಪಾಯಿತು,
ಕೊಡುವಾಗ ಅವನಿಗೆ ನಗು.
ಐದನೆಯ ಸಲ ನಗಲಿಲ್ಲ.
ಅವ್ವ ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.
"ಶಾಟ್ ಮುಗೀತು ಅತ್ತಿ, ಕೊಡು."
"ಸಿನಿಮಾದಾಗ ಕೊಟ್ಟಿದ್ದು ಕೊಟ್ಟಿದ್ದೇ."

ಭಟ್ಟಿಯ ಅಂಗಳದಲ್ಲೇ ಮೊದಲ ಆಟ. ತಾಡಪಾಲಿನ ಮೇಲೆ,
ಮಧ್ಯೆ ಒಂದು ಹೊಲಿಗೆ, ಎಲ್ಲರ ಮುಖಕ್ಕೂ ಅದೇ ಗಾಯ.
ಕಾದ ಮರಳಿಗೆ ಅಕ್ಕಿ ಬಿದ್ದು ಸಿಡಿಯುವ ಸದ್ದಿಗೆ
ಮುಂದೆ ಕೂತ ಹುಡುಗರು ಮಳೆ ಅಂತ ಮೇಲೆ ನೋಡಿದರು.
ಜನ ಮಾತಾಡಿದರು, ಎದ್ದು ಹೋದರು, ಮಿರ್ಚಿ ತಿಂದು ಬಂದರು.
ಬಂದಾಗ ಇನ್ನೂ ಅಪ್ಪ ನಡೆಯುತ್ತಲೇ ಇದ್ದ,
ರೈಲ್ವೆ ಗೇಟು ಬಿದ್ದಿತ್ತು, ಗೂಡ್ಸು ಹೋಗಿ ಮುಗಿಯಲಿಲ್ಲ.
ಕೊನೆಗೆ ಮನೆ. ಬಾಗಿಲಲ್ಲಿ ಅವ್ವ
ಅವನ ಕಿವಿಯ ಮೇಲಿಂದ ಒಂದು ಮಂಡಕ್ಕಿ ಕಾಳು ತೆಗೆದಳು.
ತನ್ನ ಬಾಯಿಗೆ ಹಾಕಿಕೊಂಡಳು.
ಹೀಗೆ ಮಾಡು ಅಂತ ಯಾರೂ ಹೇಳಿರಲಿಲ್ಲ.
ಯಾವನೋ ಸಿಳ್ಳೆ ಹೊಡೆದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.
ಅಪ್ಪ ಉಚ್ಚೆಗೆ ಅಂತ ಎದ್ದು ಹೋದವನು
ಲೈಟು ಹಾಕಿದ ಮೇಲೂ ಬರಲಿಲ್ಲ.

ಶ್ರಾವಣ ಬಂತು. ಪಿ.ಬಿ. ರಸ್ತೆಯ ದೊಡ್ಡ ಛತ್ರ, ಹತ್ತಿ ವ್ಯಾಪಾರಿಯ ಮಗಳ ಮದುವೆ.
ಹಾಲೇಶಿ ಮರೆತಿದ್ದನೋ, ಬೇಕಂತಲೇ ಬಿಟ್ಟಿದ್ದನೋ,
ಕ್ಯಾಮೆರಾ ಬಿಳಿಗೆ ತಿರುಗಿರಲಿಲ್ಲ.
ಧಾರೆಯಿಂದ ಊಟದ ತನಕ ಇಡೀ ಬೀಗರ ಬಳಗ
ತಂತಮ್ಮ ಬಣ್ಣದಲ್ಲೇ ಮೂಡಿತ್ತು.
ದುಡ್ಡು ವಾಪಸ್ಸು ಕೊಡಬೇಕಾಯಿತು. ಕೆಲಸ ಹೋಯಿತು.

ಅವತ್ತು ಸಂಜೆ ಅವನು ನಮ್ಮ ಕಟ್ಟೆಯ ಮೇಲೆ ಕೂತ,
ಪೆನ್‌ಡ್ರೈವನ್ನು ಬೆರಳಲ್ಲಿ ತಿರುಗಿಸುತ್ತ.
ಸಿನಿಮಾಕ್ಕೆ ಇನ್ನೂ ಹೆಸರಿಟ್ಟಿಲ್ಲ ಅಂದ.
ಅವ್ವ ಚಾ ಕೊಟ್ಟಳು. ಸೆರಗಿನ ಗಂಟು ಬಿಚ್ಚಿದಳು.
ಅದೇ ನೋಟಲ್ಲ. ಅದು ಬೂಟಾಗಿ ಸ್ಕೂಲಿಗೆ ಹೋಗುತ್ತಿತ್ತು.
ಇದು ನೂರರ ಮೂರು, ಉಳಿದದ್ದು ಹತ್ತು, ಇಪ್ಪತ್ತು.
"ಎಣಿಸಿಕೋ" ಅಂದಳು.
ಅವನು ಎಣಿಸಲು ಶುರುಮಾಡಿ
ನಡುವೆ ಎಲ್ಲೋ ತಪ್ಪಿ
ಮತ್ತೆ ಮೊದಲಿನಿಂದ.