ಗುರುವಾರ, ಎರಡರಿಂದ ನಾಲ್ಕು

ಡಾಕ್ಟರು ಈ ಸಲ ಮಾತ್ರೆ ಬರೆಯಲಿಲ್ಲ.
ಇಪ್ಪತ್ತಾರು ವರ್ಷ ಗ್ರಿಮ್ಸ್‌ಬಿಯ ಔಷಧದಂಗಡಿಯಲ್ಲಿ
ಕಾಗೆ ಕಾಲು ಗುಬ್ಬಿ ಕಾಲು ಅಕ್ಷರಗಳನ್ನೆಲ್ಲ
ಓದಿ ಪೊಟ್ಟಣ ಕಟ್ಟಿದವಳು ನಾನು,
ಈ ಚೀಟಿ ಮಾತ್ರ ಎರಡು ಸಲ ಓದಿಕೊಂಡೆ:
ಬರವಣಿಗೆ ತರಗತಿ. ಲೈಬ್ರರಿಯ ಮಹಡಿ.
ಗುರುವಾರ, ಎರಡರಿಂದ ನಾಲ್ಕು.
ಊಟಕ್ಕೆ ಮುಂಚೆಯೋ, ಆಮೇಲೋ?
ಕೇಳಿದೆ. ಅವರು ನಗಲಿಲ್ಲ.

ಮಹಡಿಯಲ್ಲಿ ಎಂಟು ಕುರ್ಚಿ, ಕುಂಟುವ ಒಂದು ಮೇಜು.
ಕಿಟಕಿ ತೆರೆದರೆ ಮೀನಿಗೆ ಹೊಗೆ ಹಾಕುವ ಮನೆಗಳ ವಾಸನೆ,
ಮುಚ್ಚಿದರೆ ನಮ್ಮ ಒದ್ದೆ ಕೋಟುಗಳದು.
ಬ್ರೈಯನಿ ಎಂಬ ಹುಡುಗಿ (ನನ್ನ ಕಣ್ಣಿಗೆ ಹುಡುಗಿಯೇ)
ಅಡುಗೆಮನೆಯ ಟೈಮರ್ ತಿರುಗಿಸಿ ಇಟ್ಟಳು:
ಏಳು ನಿಮಿಷ. ಪೆನ್ನು ಎತ್ತಕೂಡದು.
ತಪ್ಪು ತಿದ್ದುವವರು ಇಲ್ಲಿ ಯಾರೂ ಇಲ್ಲ.
ಓದಲೇಬೇಕೆಂದೂ ಇಲ್ಲ.

ಮೊದಲ ವಾರ ನಾನು ಬರೆದದ್ದು
ಏನೂ ಇಲ್ಲ ಏನೂ ಇಲ್ಲ ಏನೂ ಇಲ್ಲ,
ಒಂದೂವರೆ ಪುಟ.
ಎರಡನೆಯ ವಾರವೂ ಅದೇ,
ಆದರೆ ಕನ್ನಡದಲ್ಲಿ.

ಕಾಸಿಯಾ ಬರೆದಳು ಕೈಗವಸಿನ ಬಗ್ಗೆ,
ಫ್ಯಾಕ್ಟರಿಯಲ್ಲಿ ದಿನವಿಡೀ ಮೀನು ಸೀಳಿದ ಬೆರಳು
ರಾತ್ರಿ ಮಗುವಿನ ಕೆನ್ನೆ ಮುಟ್ಟಲು ನಾಚುವುದರ ಬಗ್ಗೆ.
ಹತ್ತೊಂಬತ್ತರ ಕೋರಿ, ತಲೆಯ ಟೋಪಿ ತೆಗೆಯದವನು,
ಒಂದು ಸಾಲು ಬರೆಯುತ್ತಾನೆ, ಹರಿಯುತ್ತಾನೆ,
ಚೂರುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.
ಕಸದಬುಟ್ಟಿಗಲ್ಲ, ಜೇಬಿಗೆ.
ಅದನ್ನು ನಾವೆಲ್ಲ ಕಂಡೆವು, ಯಾರೂ ಆಡಲಿಲ್ಲ.
ರೆಜ್ ಮೂವತ್ತು ವರ್ಷ ಐಸ್‌ಲ್ಯಾಂಡಿನ ನೀರಲ್ಲಿ ಬಲೆ ಎಳೆದವನು.
ಸಮುದ್ರ ಬರೆಯುತ್ತಾನೆಂದು ಕಾದೆವು.
ಅವನು ಬರೆದದ್ದು ಬೀಟ್‌ರೂಟ್ ಉಪ್ಪಿನಕಾಯಿ,
ಅವರಮ್ಮ ಹಾಕಿದ್ದು. ಭರಣಿಯ ಮುಚ್ಚಳ ತಿರುಗಿಸಲು
ಅಪ್ಪ ಬೇಕಾಗುತ್ತಿತ್ತು. ಅಪ್ಪ ಮನೆಯಲ್ಲಿರುತ್ತಿರಲಿಲ್ಲ.
ಅಷ್ಟೇ. ಸಮುದ್ರ ಬಂತು.

ಆರನೆಯ ಗುರುವಾರ ನನ್ನ ಹಾಳೆಯ ಮೇಲೆ ಬಗ್ಗಿ
ರೆಜ್ ಬೆರಳಿಟ್ಟ: ಇದು ಗಂಟಲ್ಲವೇ?
ಕ್ಷ, ಎಂದೆ.
ಅಲ್ಲ, ದೋಣಿಯನ್ನು ದಕ್ಕೆಗೆ ಬಿಗಿಯುವ ಗಂಟು, ನನಗೆ ಗೊತ್ತು.
ಠ ತೋರಿಸಿದೆ. ಇದು ಬರೀ ಕುಣಿಕೆ.
ಕಿಸೆಯಿಂದ ದಾರ ತೆಗೆದು, ನಡುಗುವ ಕೈಯಲ್ಲೇ
ನನ್ನ ವರ್ಣಮಾಲೆಯನ್ನು ಒಂದೊಂದಾಗಿ ಕಟ್ಟುತ್ತ ಹೋದ,
ಕಟ್ಟಿ, ಒಂದು ತುದಿ ಎಳೆದ:
ನೋಡು, ಒಳ್ಳೆ ಗಂಟಾದರೆ ಬಿಚ್ಚಲಿಕ್ಕೂ ಬರಬೇಕು.

ಗಂಟಲೆಂಬ ಮಾತಿನಲ್ಲೇ ಗಂಟು ಕೂತಿರುವುದು
ಐವತ್ತೆಂಟು ವರ್ಷ ನನಗೆ ಕಂಡಿರಲಿಲ್ಲ.

ಟೈಮರ್ ಓಡುತ್ತಿತ್ತು. ಬರೆದೆ:
ಅಕ್ಕ ಹೋದ ವರ್ಷ ವಿಮಾನಗಳಿರಲಿಲ್ಲ.
ರಾಣೆಬೆನ್ನೂರಿನ ಅಂಗಳ ಅಂಗೈಯಗಲದ ಫೋನಿನಲ್ಲಿ.
ಚಟ್ಟ ಎತ್ತುವ ಹೊತ್ತಿಗೆ ನೆಟ್‌ವರ್ಕ್ ನಿಂತಿತು.
ಎತ್ತಲು ಬಗ್ಗಿದ ಮಾಸ್ಕಿನ ನಾಲ್ವರು ಬಗ್ಗಿದಂತೆಯೇ ಇದ್ದಾರೆ,
ಸೇವಂತಿಗೆಯ ಎಸಳೊಂದು ಗಾಳಿಯಲ್ಲೇ ಇದೆ,
ನನ್ನ ಮಟ್ಟಿಗೆ ಅಕ್ಕ ಇನ್ನೂ ಅಂಗಳದಲ್ಲಿ,
ಇಷ್ಟು ವರ್ಷದ ಬಿಸಿಲಿನಲ್ಲಿ.

ಅಲ್ಲಿಂದ ಮುಂದೆ ಮಸಣಕ್ಕೆ ಹೋಗಬೇಕಿತ್ತು ಪೆನ್ನು.
ಹೋಗಲಿಲ್ಲ. ಜಗುಲಿ ಹತ್ತಿತು,
ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದಿದ್ದ ಮೂಲೆಗೆ,
ಅಕ್ಕ ಕವಡೆ ಉರುಳಿಸಿ, ಎರಡು ಬಿದ್ದದ್ದನ್ನು
ಮೊಣಕಾಲಿಂದ ಮೆಲ್ಲಗೆ ತಾಗಿಸಿ ಚೌಕವಾಗಿಸಿ
‘ಏ, ಎಣಸಾಕ ಬರೂದಿಲ್ಲೇನ ನಿನಗ?’ ಎಂದು
ನನ್ನ ಕಾಯಿ ಹೊಡೆದ ಮಧ್ಯಾಹ್ನಕ್ಕೆ.
ಮೋಸಗಾತಿ, ಎಂದು ಬರೆದೆ. ಕಳ್ಳಿ. ಕಳ್ಳಿ.
ಟೈಮರ್ ಬಾರಿಸಿತು. ನಿಲ್ಲಿಸಲಿಲ್ಲ.

ಓದುತ್ತೀರಾ? ಎಂದಳು ಬ್ರೈಯನಿ.
ಕನ್ನಡದಲ್ಲಿದೆ.
ಓದಿ, ಎಂದ ಕೋರಿ. ಅವನ ದನಿ ಅವತ್ತೇ ಕೇಳಿದ್ದು.
ಓದಿದೆ.
ಒಂದಕ್ಷರ ತಿಳಿಯದ ಏಳು ಜನ
ನಗಬೇಕಾದಲ್ಲೇ ನಕ್ಕರು.
ಅಕ್ಕನ ಮೊಣಕಾಲು ನನ್ನ ಮೊಣಕಾಲಿಗೆ ಬಂದಿರಬೇಕು.
ನಾನೂ ನಕ್ಕೆ, ಮೂಗು ಒರೆಸಿಕೊಂಡೆ, ಮತ್ತೆ ನಕ್ಕೆ.

ಗುಣವಾಯಿತೇ ಎಂದು ಕೇಳಬೇಡಿ.
ಚಟ್ಟ ಇನ್ನೂ ಎದ್ದಿಲ್ಲ.
ಆದರೆ ಆ ಅಂಗಳದ ಒಂದು ಬದಿಗೆ
ಈಗ ಕವಡೆ ಕುಲುಕುವ ಸದ್ದಿದೆ.
ಮುಂದಿನ ವಾರ ತಿಂಡಿಯ ಪಾಳಿ ನನ್ನದು.
ಕೋಡುಬಳೆ ಒಯ್ಯಬೇಕೆಂದಿದ್ದೇನೆ.
ರೆಜ್ ಅದನ್ನೂ ಕುಣಿಕೆ ಎನ್ನುತ್ತಾನೇನೋ.